ಆಚೆ ದಂಡೆಯ ಮಾಸ್ತರು



1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಮಾತ್ರ ಬರಲಿಲ್ಲ. ಕಲಬುರಗಿ ಜಿಲ್ಲೆ ಬಂತು, ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರದ ಪಾಲಾದವು. ಮಕ್ತಲ್, ನಾರಾಯಣಪೇಟೆ ಮೊದಲಿನಂತೆ ಮಹಬೂಬನಗರ ಜಿಲ್ಲೆಯಲ್ಲೇ ಉಳಿದವು. ಆಮೇಲೆ ತೆಲಂಗಾಣ ಬಂತು, 2016ರಲ್ಲಿ ಗದ್ವಾಲ ಜಿಲ್ಲೆಯಾಯಿತು, 2019ರ ಫೆಬ್ರುವರಿಯಲ್ಲಿ ನಾರಾಯಣಪೇಟೆಯೂ ಜಿಲ್ಲೆಯಾಯಿತು. ಕೋಸ್ಗಿ ಮಂಡಲದೊಳಗಿದ್ದ ಗುಂಡುಮಾಲ್ ಈಗ ಸ್ವತಃ ಒಂದು ಮಂಡಲ. ಗೆರೆಗಳು ಬದಲಾಗುತ್ತ ಹೋದವು, ಜನ ಇದ್ದಲ್ಲೇ ಇದ್ದರು.

ಈ ಗೆರೆಗಳಿಂದ ಮಾಸ್ತರುಗಳಿಗೆ ಏನಾಯಿತು ಎಂಬುದು ನನ್ನ ಇಂದಿನ ಮಾತು. ಮೊದಲು ಗದ್ವಾಲದ ಮಾಸ್ತರು, ರಾಯಚೂರಿನ ಮಾಸ್ತರು ಒಂದೇ ಇಲಾಖೆಯ ನೌಕರರು. ಇಬ್ಬರಿಗೂ ಉರ್ದು ಬರುತ್ತಿತ್ತು. ಒಬ್ಬರು ಮನೆಯಲ್ಲಿ ತೆಲುಗು ಆಡಿದರೆ ಇನ್ನೊಬ್ಬರು ಕನ್ನಡ ಆಡುತ್ತಿದ್ದರು, ಸಂತೆಯಲ್ಲಿ ಇಬ್ಬರೂ ಎರಡನ್ನೂ ಆಡುತ್ತಿದ್ದರು. ಈಗ ಇಲಾಖೆ ಎರಡು, ಪಠ್ಯಕ್ರಮ ಎರಡು, ತರಬೇತಿ ಎರಡು. ನಮ್ಮ ಕಡೆ ಯರಮರಸ್‌ನಲ್ಲಿ ರಾಯಚೂರು ಜಿಲ್ಲೆಯ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ಆ ಕಡೆಯವರಿಗೆ ಮಹಬೂಬನಗರದ ಡಯಟ್. ನಡುವೆ ಕೃಷ್ಣಾ ನದಿ. ಪಂಚದೇವ ಪಹಾಡದ ದಂಡೆಯಿಂದ ಹರಿಗೋಲು ಹತ್ತಿ ಭಕ್ತರು ನಮ್ಮ ರಾಯಚೂರು ಜಿಲ್ಲೆಯ ಕುರವಪುರಕ್ಕೆ ಬಂದು ಹೋಗುತ್ತಾರೆ. 2013ರಿಂದ ರಾಯಚೂರಿನಿಂದ ಗದ್ವಾಲಕ್ಕೆ ರೈಲು ಇದೆ. 2023ರ ಅಕ್ಟೋಬರ್‌ನಲ್ಲಿ ಜಕ್ಲೇರ್‌ನಿಂದ ಕೃಷ್ಣಾ ಸ್ಟೇಷನ್ನಿನವರೆಗಿನ 37 ಕಿಲೋಮೀಟರ್ ಹೊಸ ಹಳಿ ಲೋಕಾರ್ಪಣೆಯಾಯಿತು. ಭಕ್ತರಿಗೆ ದಾರಿ ಇದೆ, ವ್ಯಾಪಾರಿಗಳಿಗೆ ದಾರಿ ಇದೆ. ಆದರೆ ಮಾಸ್ತರಾಗಲು ಡಿ.ಎಲ್.ಎಡ್. ಓದುವ ಹುಡುಗಿಯೊಬ್ಬಳು ಆಚೆ ದಂಡೆಯ ತರಗತಿಯೊಂದನ್ನು ನೋಡಬೇಕು ಎಂದು ಯಾವ ಪಠ್ಯಕ್ರಮವೂ ಹೇಳುವುದಿಲ್ಲ.

ನೋಡಿದರೆ ಏನು ಸಿಗುತ್ತದೆ ಎಂದು ಕೇಳಬಹುದು. ಗಡಿಯ ಶಾಲೆಯ ಒಂದನೇ ತರಗತಿಗೆ ಹೋಗಿ ನೋಡಿ. ರಾಯಚೂರು ತಾಲ್ಲೂಕಿನ ಗಡಿ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಗು ಕನ್ನಡ ಮಾಧ್ಯಮದಲ್ಲಿ ಕೂತಿರುತ್ತದೆ. ಕೃಷ್ಣಾ, ಮಕ್ತಲ್ ಕಡೆ ಮನೆಯಲ್ಲಿ ಕನ್ನಡ ಆಡುವ ಮಗು ತೆಲುಗು ಅಕ್ಷರ ತಿದ್ದುತ್ತಿರುತ್ತದೆ. ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡುವ ಕಾಯ್ದೆ ನಮ್ಮಲ್ಲಿ 2015ರಲ್ಲಿ ಬಂತು, ತೆಲುಗನ್ನು ಕಡ್ಡಾಯ ಮಾಡುವ ಕಾಯ್ದೆ ತೆಲಂಗಾಣದಲ್ಲಿ 2018ರಲ್ಲಿ. ಎರಡೂ ಸರಿಯೇ. ಆದರೆ ಕಾಯ್ದೆ ಮಗುವಿನ ಬಾಯಿ ಬಿಡಿಸುವುದಿಲ್ಲ, ಮಾಸ್ತರು ಬಿಡಿಸಬೇಕು. ರಾಯಚೂರಿನ ಮಾಸ್ತರಿಗೆ ಮನೆಯ ತೆಲುಗಿನ ಬಗ್ಗೆ ತಿಳಿಯಬೇಕಾದ್ದು ಮಕ್ತಲಿನ ಮಾಸ್ತರಿಗೆ ಗೊತ್ತಿದೆ. ಮಕ್ತಲಿನವರಿಗೆ ಮನೆಯ ಕನ್ನಡದ ಬಗ್ಗೆ ಬೇಕಾದ್ದು ಇವರಿಗೆ ಗೊತ್ತಿದೆ. ಇಬ್ಬರ ಜೇಬಿನಲ್ಲೂ ಫೋನ್ ಇದೆ.

ಸರ್ಕಾರಕ್ಕೆ ಇಂಥ ಯೋಚನೆ ಬಂದೇ ಇಲ್ಲ ಎಂದಲ್ಲ. 2015ರ ಅಕ್ಟೋಬರ್ 31ರಂದು ‘ಏಕ್ ಭಾರತ್ ಶ್ರೇಷ್ಠ ಭಾರತ್’ ಘೋಷಣೆಯಾಯಿತು. ರಾಜ್ಯ ರಾಜ್ಯಗಳನ್ನು ಜೋಡಿ ಮಾಡಿದರು. ಪರಸ್ಪರರ ಭಾಷೆಯ ನೂರು ವಾಕ್ಯ ಕಲಿಯುವುದು, ಹಾಡು ಕಲಿಯುವುದು, ಆನ್‌ಲೈನ್‌ನಲ್ಲಿ ಸೇರುವುದು ಎಲ್ಲ ಇತ್ತು. ಕರ್ನಾಟಕಕ್ಕೆ ಸಿಕ್ಕಿದ ಜೋಡಿ ಉತ್ತರಾಖಂಡ, ತೆಲಂಗಾಣಕ್ಕೆ ಹರಿಯಾಣ. ದೂರದ ಬೆಟ್ಟ ನುಣ್ಣಗೆ ಎನ್ನುವ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಉತ್ತರಾಖಂಡದ ಬಗ್ಗೆ ನನಗೆ ತಕರಾರಿಲ್ಲ. ಆದರೆ ದೂರದವರ ಜೊತೆ ಮಾತು ಬೇಗ ಹಬ್ಬ, ಉಡುಗೆ, ಊಟದ ಚಿತ್ರಗಳಾಗಿಬಿಡುತ್ತದೆ. ಅವರು ಒಂದು ಕುಣಿತ ತೋರಿಸುತ್ತಾರೆ, ನಾವು ಡೊಳ್ಳು ತೋರಿಸುತ್ತೇವೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಪರದೆಯ ಫೋಟೊ ಒಂದು ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ಇದರಿಂದ ಸಂಸ್ಕೃತಿಗಳ ನಡುವೆ ಮಾತಾಡುವ ಕೌಶಲ ಬೆಳೆಯುತ್ತದೆ ಎಂದು ನಾನು ನಂಬುವುದಿಲ್ಲ. ಪ್ರದರ್ಶನ ಮಾಡುವಾಗ ಯಾರೂ ಯಾರನ್ನೂ ತಪ್ಪು ತಿಳಿಯುವುದಿಲ್ಲ, ತಪ್ಪು ತಿಳಿಯುವಷ್ಟು ಹತ್ತಿರ ಬಂದಿರುವುದೇ ಇಲ್ಲ.

ಕೌಶಲ ಬೆಳೆಯುವುದು ಕೂಡಿ ಕೆಲಸ ಮಾಡುವಾಗ. ಇದಕ್ಕೆ ನಮ್ಮ ಮನೆಯಲ್ಲೇ ದೊಡ್ಡ ಉದಾಹರಣೆ ಇದೆ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ಯಾರಿಗೆ ಗೊತ್ತಿಲ್ಲ? ಅದರ ಬೇರು ತೆಲುಗು ನಾಡಿನಲ್ಲಿದೆ. ಆಂಧ್ರದ ಮದನಪಲ್ಲಿಯ ಬಳಿ ರಿಷಿ ವ್ಯಾಲಿಯ ಸುತ್ತಲ ಹಳ್ಳಿಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಒಬ್ಬರೇ ಮಾಸ್ತರಿರುವ ಪುಟ್ಟ ಶಾಲೆಗಳನ್ನು ಕಟ್ಟಿದ್ದರು. ಕಾರ್ಡುಗಳು, ಕಲಿಕೆಯ ಏಣಿ, ತನ್ನ ವೇಗದಲ್ಲಿ ಏರುವ ಮಗು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಮಾಸ್ತರುಗಳು ಅಲ್ಲಿಗೆ ಹೋಗಿ ನೋಡಿ ಬಂದರು, ಯುನಿಸೆಫ್ ನೆರವಿತ್ತು. ಬಂದವರು ತೆಲುಗು ಕಾರ್ಡುಗಳನ್ನು ಕನ್ನಡಕ್ಕೆ ಇಳಿಸಿ ಸುಮ್ಮನಾಗಲಿಲ್ಲ. ಕಾಡಂಚಿನ ತಮ್ಮ ಮಕ್ಕಳಿಗೆ ಬೇಕಾದಂತೆ ಕೂತು ಹೊಸದಾಗಿ ಬರೆದರು. ಮೈಲಿಗಲ್ಲು, ಲೋಗೋ, ಮಕ್ಕಳು ಮಾಡಿದ್ದನ್ನು ನೇತು ಹಾಕುವ ಕಲಿಕಾ ಚಪ್ಪರ, ಮಕ್ಕಳು ಗುಂಪಾಗಿ ಕೂರುವ ತಟ್ಟೆಗಳು ಎಲ್ಲ ನಮ್ಮ ತರಗತಿಗಳ ಮಾತಾದವು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಬೇರೆ ಭಾಷೆಯ ತರಗತಿಯಲ್ಲಿ ಕೂತು, ನೋಡಿ, ಕೇಳಿ, ತಮಗೆ ಒಗ್ಗುವುದನ್ನು ಕಟ್ಟಿಕೊಂಡ ಕೆಲಸ ಅದು. ಇಂಟರ್‌ನೆಟ್ ಇಲ್ಲದ ಕಾಲ, ಬಸ್ಸು ಹತ್ತಿ ಹೋದರು.

ಬಸ್ಸಿನ ಖರ್ಚು ಎಲ್ಲರಿಗೂ ಸಿಗುವುದಿಲ್ಲ. ಹೋಗಿ ಕಲಿಯುವ ವ್ಯವಸ್ಥೆಯೇ ಇಲ್ಲ ಎಂದಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಲ್ಲಿ ಶುರುವಾಯಿತು. ಅದರ ಪ್ರಾದೇಶಿಕ ಭಾಷಾ ಕೇಂದ್ರಗಳಲ್ಲಿ ಬೇರೆ ಬೇರೆ ರಾಜ್ಯದ ಮಾಸ್ತರುಗಳು ಹತ್ತು ತಿಂಗಳು ಕೂತು ಇನ್ನೊಂದು ಭಾಷೆ ಕಲಿಯುವ ವ್ಯವಸ್ಥೆ ಆಗಿನಿಂದ ನಡೆದಿದೆ. ಬಹಳ ಒಳ್ಳೆಯದು, ಆದರೆ ಹತ್ತು ತಿಂಗಳು ಶಾಲೆ ಬಿಟ್ಟು ಹೋಗಬಲ್ಲವರು ಎಷ್ಟು ಜನ? ಆನ್‌ಲೈನ್ ವಿನಿಮಯದ ಬೆಲೆ ಇಲ್ಲಿದೆ. ಮನೆ ಬಿಡದೆ, ಶಾಲೆ ಬಿಡದೆ, ಎರಡು ಮೂರು ತಿಂಗಳು ಇನ್ನೊಂದು ಕಡೆಯ ಪ್ರಶಿಕ್ಷಣಾರ್ಥಿಯ ಜೊತೆ ಒಂದು ಕೆಲಸ ಮಾಡಬಹುದು.

ಬೇರೆ ದೇಶಗಳಲ್ಲಿ ದೂರದಿಂದಲೇ ಕೂಡಿ ಕೆಲಸ ಮಾಡುವುದು ಹಳೆಯ ಸಂಗತಿ. 1920ರ ದಶಕದಲ್ಲೇ ಫ್ರಾನ್ಸಿನ ಸೆಲೆಸ್ತ್ಯಾಂ ಫ್ರೆನೆ ಎಂಬ ಹಳ್ಳಿ ಮಾಸ್ತರು ತರಗತಿಯಲ್ಲಿ ಪುಟ್ಟ ಅಚ್ಚುಯಂತ್ರ ಇಟ್ಟು, ಮಕ್ಕಳು ಬರೆದದ್ದನ್ನು ಮುದ್ರಿಸಿ, ದೇಶದ ಇನ್ನೊಂದು ತುದಿಯ ಕಡಲ ತಡಿಯ ಶಾಲೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದಲೂ ಹಾಳೆಗಳು ಬರುತ್ತಿದ್ದವು. ಆನ್‌ಲೈನ್ ಕಾಲಕ್ಕೆ ಬಂದರೆ, ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅಮೆರಿಕದ ಎಂ.ಐ.ಟಿ.ಯಲ್ಲಿ 1997ರಲ್ಲಿ ಶುರುವಾದ ‘ಕಲ್ಚುರಾ’. ಅಲ್ಲಿ ಫ್ರೆಂಚ್ ಕಲಿಯುವ ಅಮೆರಿಕನ್ ವಿದ್ಯಾರ್ಥಿಗಳು, ಫ್ರಾನ್ಸಿನ ವಿದ್ಯಾರ್ಥಿಗಳು ಒಂದೇ ಪ್ರಶ್ನಾವಳಿ ತುಂಬುತ್ತಾರೆ. ಒಂದು ವಾಕ್ಯ ಪೂರ್ತಿ ಮಾಡಬೇಕು, ಅಥವಾ ಒಂದು ಸಂದರ್ಭಕ್ಕೆ ತಾವು ಏನು ಮಾಡುತ್ತೇವೆ ಎಂದು ಬರೆಯಬೇಕು. ಅಂಗಡಿಯಲ್ಲಿ ತಾಯಿಯೊಬ್ಬಳು ಮಗುವಿಗೆ ಹೊಡೆಯುವುದನ್ನು ನೋಡಿದಿರಿ, ಏನು ಮಾಡುತ್ತೀರಿ? ಸರದಿಯಲ್ಲಿ ನಿಂತಿದ್ದೀರಿ, ಒಬ್ಬ ಬಂದು ಮುಂದೆ ತೂರಿಕೊಂಡ, ಏನು ಮಾಡುತ್ತೀರಿ? ಆಮೇಲೆ ಎರಡೂ ಕಡೆಯ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದುತ್ತಾರೆ, ಒಬ್ಬರನ್ನೊಬ್ಬರು ಕೇಳುತ್ತಾರೆ. ಇದರಲ್ಲಿ ಒಂದು ಜಾಣ ನಿಯಮವಿದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಬರೆಯುತ್ತಾರೆ. ಹಾಗಾಗಿ ಯಾರೂ ಮಾತು ಬಾರದವರಂತೆ ಕಾಣುವುದಿಲ್ಲ.

ಯುರೋಪಿನಲ್ಲಿ 2017ರಿಂದ 2019ರವರೆಗೆ ‘ಇವ್ಯಾಲ್ಯುಯೇಟ್’ ಎಂಬ ಯೋಜನೆ ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳ ನಡುವೆಯೇ ಇಂಥ ವಿನಿಮಯಗಳನ್ನು ನಡೆಸಿ ಪರಿಶೀಲಿಸಿತು. ಸುಮ್ಮನೆ ಪರಿಚಯ ಹೇಳಿಕೊಳ್ಳುವುದರಲ್ಲಿ ಅದು ನಿಲ್ಲಲಿಲ್ಲ. ಮೊದಲು ಪರಿಚಯ, ಆಮೇಲೆ ಹೋಲಿಕೆ, ಕೊನೆಗೆ ಇಬ್ಬರೂ ಸೇರಿ ಒಂದು ಪಾಠವನ್ನೋ ಚಟುವಟಿಕೆಯನ್ನೋ ತಯಾರು ಮಾಡುವುದು ಎಂಬ ಕ್ರಮವಿತ್ತು. ಜಗಳ, ಮುನಿಸು, ತಪ್ಪು ತಿಳಿವಳಿಕೆ ಹೆಚ್ಚು ಹುಟ್ಟುವುದು ಈ ಕೊನೆಯ ಹಂತದಲ್ಲಿ. ಕಲಿಯುವುದೂ ಅಲ್ಲೇ.

ಈಗ ಇದನ್ನು ನಮ್ಮ ನದಿಯ ದಂಡೆಗೆ ತರೋಣ. ಯರಮರಸ್‌ನ ಒಬ್ಬ ಪ್ರಶಿಕ್ಷಣಾರ್ಥಿ ತನ್ನ ಪಾಠಾಭ್ಯಾಸದ ನಾಲ್ಕು ನಿಮಿಷದ ವಿಡಿಯೊ ಕಳಿಸುತ್ತಾನೆ ಎಂದುಕೊಳ್ಳಿ. ನಲಿ-ಕಲಿ ತರಗತಿ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದಾರೆ, ಗದ್ದಲವಿದೆ, ಒಬ್ಬ ಎದ್ದು ಕಾರ್ಡು ತರುತ್ತಿದ್ದಾನೆ, ಮಾಸ್ತರು ಒಂದು ತಟ್ಟೆಯ ಜೊತೆ ಕೂತಿದ್ದಾರೆ. ಆ ಕಡೆಯಿಂದ ಪ್ರಶಿಕ್ಷಣಾರ್ಥಿಯೊಬ್ಬಳು ಗುಂಡುಮಾಲ್‌ನ ಶಾಲೆಯೊಂದರ ವಿಡಿಯೊ ಕಳಿಸುತ್ತಾಳೆ. ಮಕ್ಕಳು ಸಾಲಾಗಿ ಕೂತಿದ್ದಾರೆ, ಎದ್ದು ನಿಂತು ಒಕ್ಕೊರಲಿನಿಂದ ಓದುತ್ತಿದ್ದಾರೆ. ತೆಲಂಗಾಣದಲ್ಲಿ 2022ರಿಂದ ‘ತೊಲಿಮೆಟ್ಟು’ ಎಂಬ ಬುನಾದಿ ಕಲಿಕೆಯ ಕಾರ್ಯಕ್ರಮ ನಡೆದಿದೆ, ಅದರದೇ ಒಂದು ಪಾಠ ಇರಬಹುದು. ಇವನಿಗೆ ಅನಿಸುತ್ತದೆ: ಅದು ಬರೀ ಬಾಯಿಪಾಠ. ಅವಳಿಗೆ ಅನಿಸುತ್ತದೆ: ಇಲ್ಲಿ ಶಿಸ್ತೇ ಇಲ್ಲ. ಇಬ್ಬರೂ ಸೌಜನ್ಯಕ್ಕೆ ‘ಚೆನ್ನಾಗಿದೆ’ ಎಂದು ಬರೆದು ಹೆಬ್ಬೆರಳಿನ ಚಿತ್ರ ಒತ್ತಿದರೆ ವಿನಿಮಯ ಅಲ್ಲಿಗೆ ಮುಗಿಯಿತು.

ತರಬೇತಿ ಕೊಡುವ ಉಪನ್ಯಾಸಕರ ಕೆಲಸ ಶುರುವಾಗುವುದು ಇಲ್ಲಿಂದ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಸಿ. ಒಂದರಲ್ಲಿ ಕಣ್ಣಿಗೆ ಕಂಡದ್ದು ಮಾತ್ರ. ಎರಡನೆಯದರಲ್ಲಿ ಅನಿಸಿದ್ದು. ಮೂರನೆಯದರಲ್ಲಿ ಕೇಳಬೇಕಾದ ಪ್ರಶ್ನೆ. ‘ಶಿಸ್ತಿಲ್ಲ’ ಎಂಬುದನ್ನು ಮೊದಲ ಕಾಲಂನಲ್ಲಿ ಬರೆದವರನ್ನು ನಿಲ್ಲಿಸಿ, ನಿನಗೆ ಕಂಡದ್ದೇನು ಎಂದು ಕೇಳಿ. ಮೂವರು ಮಕ್ಕಳು ಎದ್ದು ಓಡಾಡುತ್ತಿದ್ದರು, ಅಷ್ಟೇ ಕಂಡದ್ದು. ಆಮೇಲೆ ಪ್ರಶ್ನೆ ಕಳಿಸಲಿ: ಆ ಮೂವರು ಎಲ್ಲಿಗೆ ಹೋಗುತ್ತಿದ್ದರು? ಆ ಕಡೆಗೆ: ಒಟ್ಟಿಗೆ ಓದಿಸಿದ್ದು ಯಾಕೆ, ತರಗತಿಯಲ್ಲಿ ಎಷ್ಟು ವರ್ಗದ ಮಕ್ಕಳಿದ್ದಾರೆ, ಇನ್ನೊಬ್ಬ ಶಿಕ್ಷಕರು ಇದ್ದಾರೆಯೇ? ಒಕ್ಕೊರಲಿನ ಓದಿನ ಹಿಂದೆ ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಸುವ ಪಾಡು ಇರಬಹುದು. ಅಂಥ ಪಾಡು ರಾಯಚೂರಿನಲ್ಲಿ ಇಲ್ಲವೇ? ಮೈಕೆಲ್ ಬೈರಂ ಎಂಬ ಇಂಗ್ಲಿಷ್ ವಿದ್ವಾಂಸರು 1997ರಲ್ಲಿ ಸಂಸ್ಕೃತಿಗಳ ನಡುವೆ ಮಾತಾಡುವ ಕೌಶಲದ ಬಗ್ಗೆ ಬರೆದ ಪುಸ್ತಕ ಶಿಕ್ಷಕ ತರಬೇತಿಯವರಿಗೆಲ್ಲ ಪರಿಚಿತ. ಅವರು ಹೇಳುವುದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದು: ಇನ್ನೊಬ್ಬರ ರೀತಿಯ ಮೇಲಿನ ಅನುಮಾನವನ್ನೂ ನಮ್ಮ ರೀತಿಯ ಮೇಲಿನ ನಂಬಿಕೆಯನ್ನೂ ಸ್ವಲ್ಪ ಹೊತ್ತು ಬದಿಗಿಡಬೇಕು. ಎರಡನೆಯದೇ ಕಷ್ಟ. ಹಬ್ಬದ ಚಿತ್ರ ತೋರಿಸುವ ವಿನಿಮಯದಲ್ಲಿ ಅದರ ಅಗತ್ಯವೇ ಬರುವುದಿಲ್ಲ.

ಭಾಷೆ ಯಾವುದು? ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತೇನೆ. ಡಯಟ್‌ನ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಎಂದ ಕೂಡಲೇ ಬಾಯಿ ಕಟ್ಟುತ್ತದೆ. ಬಾಯಿ ಕಟ್ಟಿದವರನ್ನು ನೋಡಿ ಆ ಕಡೆಯವರು ಇವರಿಗೆ ಆಸಕ್ತಿಯಿಲ್ಲ ಎಂದುಕೊಳ್ಳುತ್ತಾರೆ. ನಮ್ಮ ಹುಡುಗರು ಬರೆಯುವ ಇಂಗ್ಲಿಷಿನಲ್ಲಿ ನಮ್ಮ ‘ಕಳಿಸ್ರಿ’, ‘ನೋಡ್ರಿ’ಯ ಮರ್ಯಾದೆ ಉದುರಿ ಹೋಗಿ ಬರೀ ಆಜ್ಞೆ ಉಳಿಯುತ್ತದೆ. ರಾಯಚೂರಿನವರು ಕನ್ನಡದಲ್ಲಿ, ಮಕ್ತಲಿನವರು ತೆಲುಗಿನಲ್ಲಿ ಮಾತಾಡಲಿ, ಬರೆಯಲಿ. ಗಡಿಯ ಹುಡುಗರಲ್ಲಿ ಬಹಳ ಜನರಿಗೆ ಎರಡೂ ಅರ್ಥವಾಗುತ್ತವೆ. ‘ಕಲಬೆರಕೆ ಮಾತಾಡ್ತಾನೆ’ ಎಂದು ಶಾಲೆಯಲ್ಲಿ ಬೈಸಿಕೊಂಡೇ ಬೆಳೆದ ಹುಡುಗನೊಬ್ಬ ಇಂಥ ಗುಂಪಿನಲ್ಲಿ ಎಲ್ಲರಿಗೂ ಬೇಕಾದವನಾಗುತ್ತಾನೆ. ಅರ್ಥವಾಗದ ಕಡೆ ಫೋನಿನ ಅನುವಾದ ಸವಲತ್ತು ಇದೆ. ನಮ್ಮ ಸೀಮೆಯ ಆಡುಮಾತು ಅದಕ್ಕೆ ಸರಿಯಾಗಿ ಸಿಗುವುದಿಲ್ಲ, ಅನುಮಾನ ಬಂದರೆ ಕೇಳಿಯೇ ಬಿಡುವುದು ಮೇಲು.

ನೇರ ವಿಡಿಯೊ ಸಭೆಗಳ ಮೇಲೆ ಬಹಳ ಭಾರ ಹಾಕಬಾರದು. ಹಾಸ್ಟೆಲಿನಲ್ಲಿ ಐದು ಜನ ಒಂದು ಕೋಣೆಯಲ್ಲಿ ಇರುವವರು ಕ್ಯಾಮೆರಾ ಆಫ್ ಮಾಡಿದರೆ ಅದು ಉದಾಸೀನವಲ್ಲ, ಸಂಕೋಚ. ಹಿರಿಯರು ಕೂತಲ್ಲಿ ನಾವು ಸುಮ್ಮನಿರುತ್ತೇವೆ, ಅದು ನಮ್ಮ ಮರ್ಯಾದೆ. ಪ್ರಾಂಶುಪಾಲರು ಸಭೆಯಲ್ಲಿ ಕೂತಿದ್ದರೆ ಎರಡೂ ಕಡೆಯ ಮಕ್ಕಳು ತುಟಿ ಬಿಚ್ಚುವುದಿಲ್ಲ. ಉದ್ಘಾಟನೆ ಮುಗಿಸಿ ಅವರು ದಯವಿಟ್ಟು ಎದ್ದು ಹೋಗಬೇಕು. ವಾಟ್ಸ್ಆ್ಯಪ್‌ನ ಧ್ವನಿ ಸಂದೇಶ ಎಲ್ಲಕ್ಕಿಂತ ಚೆನ್ನ. ಯೋಚಿಸಿ ಮಾತಾಡಬಹುದು, ಎರಡು ಸಲ ಕೇಳಬಹುದು, ಡೇಟಾ ಕಡಿಮೆ ಸಾಕು. ರೇಡಿಯೊದವರ ಎದುರು ಕೂತು ಹೇಳುತ್ತಿದ್ದೇನೆ ಎಂದು ದನಿಯ ಪರ ಮಾತಾಡುತ್ತಿಲ್ಲ. ನಮ್ಮ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿ.ಎಸ್.ಇ.ಆರ್.ಟಿ.) ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’ ಆಕಾಶವಾಣಿಯಿಂದ ಮಕ್ಕಳ ತರಗತಿಯೊಳಕ್ಕೆ ದನಿಯಾಗಿಯೇ ಹೋದವಲ್ಲ! ಇನ್ನು ಮಕ್ಕಳ ಮುಖ ಕಾಣುವ ವಿಡಿಯೊ ಆಚೆ ಕಳಿಸುವ ಮುಂಚೆ ಮುಖ್ಯ ಶಿಕ್ಷಕರ ಮತ್ತು ಪಾಲಕರ ಒಪ್ಪಿಗೆ ಬೇಕೇ ಬೇಕು.

ಕೂಡಿ ಮಾಡುವ ಕೆಲಸಕ್ಕೆ ವಿಷಯ ಹುಡುಕಲು ಎಲ್ಲಿಗೂ ಹೋಗಬೇಕಾಗಿಲ್ಲ. ಗದ್ವಾಲದ ಸುತ್ತ ಹೈಬ್ರಿಡ್ ಹತ್ತಿ ಬೀಜ ಬೆಳೆಯುತ್ತಾರೆ. ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸ ಅದು, ಜನರು ‘ಕ್ರಾಸಿಂಗ್’ ಎನ್ನುತ್ತಾರೆ. ಬೆಳಗಿನ ಜಾವವೇ ಹೊಲದಲ್ಲಿರಬೇಕು, ಎಳೆಯ ಬೆರಳುಗಳು ಬೇಕು ಎನ್ನುತ್ತಾರೆ. ಆ ದಿನಗಳಲ್ಲಿ ಶಾಲೆಯ ಹಾಜರಿ ಪುಸ್ತಕ ನೋಡಿದರೆ ಹುಡುಗಿಯರ ಹೆಸರಿನ ಮುಂದೆ ಸಾಲು ಸಾಲು ಗೈರು. ರಾಯಚೂರಿನ ಹತ್ತಿ ಸೀಮೆಯ ಮಾಸ್ತರಿಗೂ ಈ ಸಾಲು ಪರಿಚಿತ. ಎರಡೂ ಕಡೆಯಿಂದ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳಿವೆ. ಗೈರಾದ ಮಗು ಮರಳಿ ಬಂದಾಗ ಎಲ್ಲಿಂದ ಶುರು ಮಾಡುವುದು ಎಂಬ ಒಂದೇ ಪ್ರಶ್ನೆಗೆ ಯರಮರಸ್‌ನ ಇಬ್ಬರು, ಮಹಬೂಬನಗರದ ಇಬ್ಬರು ಸೇರಿ ಎರಡು ವಾರದ ಪಾಠ ಯೋಜನೆ ಮಾಡಲಿ. ಪಾಲಕರ ಜೊತೆ ಹೇಗೆ ಮಾತಾಡುವುದು ಎಂಬಲ್ಲಿ ಭಿನ್ನಾಭಿಪ್ರಾಯ ಬಂದೇ ಬರುತ್ತದೆ. ಒಬ್ಬ ಮನೆಗೆ ಹೋಗಿ ಗದರಬೇಕು ಎನ್ನುತ್ತಾನೆ, ಇನ್ನೊಬ್ಬಳು ತಾಯಿಯ ಕೂಲಿಯ ಲೆಕ್ಕ ಮೊದಲು ಕೇಳೋಣ ಎನ್ನುತ್ತಾಳೆ. ಆ ವಾದವೇ ತರಬೇತಿ.

ಕನ್ನಡ ಮಾಧ್ಯಮದ ಮಾಸ್ತರುಗಳೇ ಒಬ್ಬರಿಗೊಬ್ಬರು ಅಪರಿಚಿತರಾಗಿದ್ದಾರೆ ಎಂಬುದನ್ನೂ ಇಲ್ಲಿ ಹೇಳಬೇಕು. ಕಾಸರಗೋಡಿನಲ್ಲಿ ಕೇರಳದ ಪಠ್ಯ, ಜತ್ತ ಮತ್ತು ಅಕ್ಕಲಕೋಟೆಯಲ್ಲಿ ಮಹಾರಾಷ್ಟ್ರದ ಬಾಲಭಾರತಿ ಅಚ್ಚು ಹಾಕಿದ ಕನ್ನಡ ಪಠ್ಯ, ಕೃಷ್ಣಾ ಮಂಡಲದಲ್ಲಿ ತೆಲಂಗಾಣದ ಪಠ್ಯ. ಭಾಷೆ ಒಂದೇ, ಆದರೆ ಮಾಸ್ತರಿಗೆ ಬರುವ ಸುತ್ತೋಲೆಯ ಭಾಷೆ ಬೇರೆ ಬೇರೆ. ಇವರೆಲ್ಲ ಒಂದು ಕಡೆ ಸೇರಿ ಪಾಠ ಹಂಚಿಕೊಂಡರೆ ಎಷ್ಟು ಭಾರ ಇಳಿದೀತು! ಮೈಸೂರಿನವರಿಗೆ ನಮ್ಮ ಕಡೆಯ ಮಾತು ಒರಟು, ನಮಗೆ ಮಂಗಳೂರಿನವರ ಮಾತು ಪುಸ್ತಕದ ಮಾತು. ಕನ್ನಡದೊಳಗೇ ಈ ಕೌಶಲಕ್ಕೆ ಬೇಕಾದಷ್ಟು ಕೆಲಸವಿದೆ.

ಕಾಲ ಹೊಂದಿಸುವುದು ತುಸು ತೊಡಕು. ನಮ್ಮ ಶಾಲೆಗಳು ಮೇ ಕೊನೆಗೆ ತೆರೆದರೆ ತೆಲಂಗಾಣದವು ಜೂನ್ 12ಕ್ಕೆ ತೆರೆಯುತ್ತವೆ. ನಮಗೆ ಶನಿವಾರ ಅರ್ಧ ದಿನ. ಅವರಿಗೆ ಬತುಕಮ್ಮ ಮತ್ತು ದಸರೆಗೆ ದೊಡ್ಡ ರಜೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಸಮಯ ಎರಡೂ ಕಡೆಗೆ ಅನುಕೂಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು ಎನ್ನುತ್ತದೆ. ಆ ಗಂಟೆಗಳಲ್ಲಿ ಎಷ್ಟೋ ಭಾಗ ಪರದೆಯ ಮೇಲೆ ಓಡುವ ಭಾಷಣ ನೋಡುವುದರಲ್ಲಿ, ಕೊನೆಗೆ ಪ್ರಮಾಣಪತ್ರ ಇಳಿಸಿಕೊಳ್ಳುವುದರಲ್ಲಿ ಕಳೆಯುತ್ತದೆ. ಭಾಷಣ ಓಡಿಸಿಟ್ಟು ಅಡುಗೆ ಮಾಡುವವರೂ ಇದ್ದಾರೆ, ಅವರನ್ನು ನಾನು ತಪ್ಪು ಎನ್ನಲಾರೆ. ಅದರಲ್ಲಿ ಹತ್ತು ಗಂಟೆಯನ್ನು ಆಚೆ ದಂಡೆಯ ಒಬ್ಬ ಶಿಕ್ಷಕರ ಜೊತೆ ಮಾಡಿದ ಕೆಲಸಕ್ಕೆ ಕೊಡಬಾರದೇಕೆ?

ಯರಮರಸ್ ಮತ್ತು ಮಹಬೂಬನಗರದ ಡಯಟ್‌ಗಳ ಉಪನ್ಯಾಸಕರು ಯಾರಾದರೂ ಈ ಮಾತು ಕೇಳುತ್ತಿದ್ದರೆ ಅವರಲ್ಲಿ ನನ್ನ ಕೋರಿಕೆ ಇಷ್ಟು. ಬೆಂಗಳೂರಿನಿಂದ, ಹೈದರಾಬಾದಿನಿಂದ ಒಪ್ಪಂದ ಪತ್ರ ಬರಲಿ ಎಂದು ಕಾಯಬೇಡಿ. ಈ ಜುಲೈಯಲ್ಲಿ ನಿಮ್ಮ ಪ್ರಾಂಶುಪಾಲರ ಅನುಮತಿ ಕೇಳಿ, ನಿಮ್ಮ ತರಗತಿಯ ಎಂಟು ಜನರನ್ನು ಆ ತರಗತಿಯ ಎಂಟು ಜನರ ಜೊತೆ ಜೋಡಿಸಿ. ಗೈರಾಗಿ ಮರಳಿದ ಮಗುವಿನ ಪಾಠ ಯೋಜನೆಯನ್ನೇ ಮೊದಲ ಕೆಲಸವಾಗಿ ಕೊಡಿ, ಅದಕ್ಕೆ ಆಂತರಿಕ ಮೌಲ್ಯಮಾಪನದಲ್ಲಿ ಅಂಕವನ್ನೂ ಕೊಡಿ. ಅಂಕವಿಲ್ಲದ ಕೆಲಸವನ್ನು ನಮ್ಮ ಮಕ್ಕಳು ಎರಡನೇ ವಾರಕ್ಕೆ ಕೈಬಿಡುತ್ತಾರೆ.